ಸಣ್ಣ ಗಾಯದಲ್ಲಿ ಸೊಂಟದ ಬಟ್ಟಲು ತಿರುಗಿಸುವುದು: ನನ್ನ ಅನುಭವ

ಹಿಪ್ ಡಿಸ್ಪ್ಲೇಸಿಯಾ, ಅಂದರೆ ಸೊಂಟದ ಕೀಲಿನ ಬಟ್ಟಲು ಸರಿಯಾಗಿ ಬೆಳೆಯದ ತೊಂದರೆ, ಅಂತ ನನ್ನ ಹತ್ತಿರ ಬರುವವರಲ್ಲಿ ಇಪ್ಪತ್ತು, ಮೂವತ್ತರ ಹೆಣ್ಣುಮಕ್ಕಳೇ ಜಾಸ್ತಿ. ನೋವು ಎಲ್ಲಿ ಅಂದರೆ ಬೆರಳಿಟ್ಟು ತೋರಿಸುವುದಿಲ್ಲ. ಹೆಬ್ಬೆರಳು ಹಿಂದೆ, ಉಳಿದ ಬೆರಳು ತೊಡೆಸಂದಿಗೆ ಬರುವ ಹಾಗೆ ಇಡೀ ಸೊಂಟವನ್ನೇ ಹಿಡಿದು ತೋರಿಸುತ್ತಾರೆ. ಅಷ್ಟರಲ್ಲಿ ಬೆನ್ನಿನ ಎಂಆರ್‌ಐ ಒಂದು ಸುಮ್ನೆ ಆಗಿಹೋಗಿರುತ್ತದೆ! ಸೊಂಟದ ಎಕ್ಸ್‌ರೇ ತೆಗೆದರೆ, ಕೀಲಿನ ಬಟ್ಟಲು ತೊಡೆಮೂಳೆಯ ಗುಂಡನ್ನು ಪೂರ್ತಿ ಮುಚ್ಚಿರುವುದಿಲ್ಲ. ಬಟ್ಟಲು ಗುಂಡನ್ನು ಎಷ್ಟು ಮುಚ್ಚಿದೆ ಅಂತ ಎಕ್ಸ್‌ರೇಯಲ್ಲಿ ಅಳೆಯುವ ಸೆಂಟರ್-ಎಡ್ಜ್ ಕೋನ 25 ಡಿಗ್ರಿ ದಾಟಿದ್ದರೆ ಚಿಂತೆಯಿಲ್ಲ, 20ಕ್ಕಿಂತ ಕಡಿಮೆ ಇದ್ದರೆ ಡಿಸ್ಪ್ಲೇಸಿಯಾ.

ಬಟ್ಟಲಿನ ಸುತ್ತ ಮೂಳೆ ಕತ್ತರಿಸಿ, ಅದನ್ನೇ ತಿರುಗಿಸಿ ಕೂರಿಸುವ ಆಪರೇಷನ್ ಪಿಎಓ (ಪೆರಿಅಸೆಟಾಬ್ಯುಲರ್ ಆಸ್ಟಿಯೋಟಮಿ). ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೈನ್‌ಹೋಲ್ಡ್ ಗ್ಯಾಂಟ್ಸ್ ತಂಡ 1984ರಲ್ಲಿ ಶುರು ಮಾಡಿತು. ಆಗ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಒಳಗೆ ಹೋಗಬೇಕಿತ್ತು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಪ್ರೊಫೆಸರ್ ಸೋಬಾಲೆ ತೋರಿಸಿದ ದಾರಿಯಲ್ಲಿ ಗಾಯ ಸುಮಾರು 7 ಸೆಂಟಿಮೀಟರ್. ತೊಡೆಯ ಮುಂಭಾಗದ ಸಾರ್ಟೋರಿಯಸ್ ಸ್ನಾಯುವನ್ನು ಅದರ ಎಳೆಗಳ ಉದ್ದಕ್ಕೆ ಸೀಳಿ ಇಳಿಯುತ್ತೇವೆ. ನಾನು ಹಿಡಿದದ್ದು ಅದೇ ದಾರಿ. ಆದರೆ ಮೊದಲು ದೊಡ್ಡ ಗಾಯದ ಪಿಎಓ ಕಲಿತೆ. ಅದು ಬರದವರು ನೇರವಾಗಿ ಇದಕ್ಕೆ ಕೈ ಹಾಕಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಗಾಯದ ಅಳತೆ ನೋಡಿ ಮರುಳಾಗಬೇಡಿ, ಲಾಭ ಇರೋದು ಸ್ನಾಯು ಉಳಿಯುವುದರಲ್ಲಿ.

ಕಷ್ಟದ ಘಟ್ಟ ಅಂದರೆ ಕೂರುವ ಮೂಳೆಯ ಕಡೆಯ ಕಡಿತ. ಉಳಿಯ ತುದಿ ಕಣ್ಣಿಗೆ ಬೀಳುವುದಿಲ್ಲ, ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆಯೇ ಗತಿ. ಪಕ್ಕದಲ್ಲೇ ಕಾಲಿಗೆ ಇಳಿಯುವ ದೊಡ್ಡ ಸಿಯಾಟಿಕ್ ನರ. ಅದಕ್ಕೇ ಆ ಹೊತ್ತಿಗೆ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇಳಿದುಹೋಗಿರಬೇಕು ಅಂತ ಅರಿವಳಿಕೆಯವರಿಗೆ ಮೊದಲೇ ಹೇಳಿರುತ್ತೇನೆ. ನರಕ್ಕೆ ತಗುಲಿ ಪಾದ ಚಿಮ್ಮಿತೋ, ಸುತ್ತಿಗೆ ನಿಲ್ಲಬೇಕು. ಗಟ್ಟಿ ಮೂಳೆ ದಾಟುವಾಗ ಏಟಿನ ಸದ್ದು ಬದಲಾಗುತ್ತದೆ. ನನಗೆ ಪರದೆಯಷ್ಟೇ ಆ ಸದ್ದಿನ ಮೇಲೂ ನಂಬಿಕೆ.

ಬಟ್ಟಲು ಬಿಡಿಯಾದ ಮೇಲೆ ಅದಕ್ಕೊಂದು ದಪ್ಪ ಸ್ಕ್ರೂ ಹಾಕಿ, ಹಿಡಿಯ ಹಾಗೆ ಹಿಡಿದು ತಿರುಗಿಸುತ್ತೇನೆ. ಇಲ್ಲಿ ಆಸೆ ಪಡಬಾರದು. ಜಾಸ್ತಿ ಮುಚ್ಚಿದರೆ ಕಾಲು ಮಡಿಸುವಾಗ ಮೂಳೆಗೆ ಮೂಳೆ ತಾಗುತ್ತದೆ. ನಮ್ಮ ಜನ ಚಕ್ಕಳಮಕ್ಕಳ ಹಾಕಿ ಕೂರುವವರು ಬೇರೆ, ಅಲ್ವಾ? ಕೋನ 30ರಿಂದ 40ರ ಒಳಗೆ ಕೂತರೆ ಸಾಕು. ಆಮೇಲೆ ಸ್ಕ್ರೂ ಬಿಗಿಯುವುದು, ಹೊಲಿಯುವುದು.

ಊರುಗೋಲು 6ರಿಂದ 8 ವಾರ. ಎಷ್ಟು ಭಾರ ಹಾಕಬಹುದು ಅಂತ ಬಾಯಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ವಾರ್ಡಿನಲ್ಲೇ ತೂಕದ ಯಂತ್ರದ ಮೇಲೆ ಆ ಕಾಲು ಇಡಿಸಿ, ಮುಳ್ಳು 30 ಕೆಜಿ ದಾಟದ ಹಾಗೆ ಒತ್ತಿಸಿ ಅಭ್ಯಾಸ ಮಾಡಿಸುತ್ತೇವೆ. ತೊಡೆಯ ಹೊರಬದಿಯಲ್ಲಿ ಜೋಮು ಇರಬಹುದು ಅಂತಲೂ ಮೊದಲೇ ಹೇಳಿಬಿಡುತ್ತೇನೆ.

ಕೀಲಿನ ಮೃದ್ವಸ್ಥಿ ಆಗಲೇ ಸವೆದವರಿಗೆ ಇದು ಬೇಡ. ಅವರಿಗೆ ಕೀಲು ಬದಲಿಸುವುದೇ ಮೇಲು.

ತಾಯಂದಿರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಮುಂದೆ ಹೆರಿಗೆಗೆ ತೊಂದರೆ ಆಗುತ್ತಾ ಡಾಕ್ಟ್ರೇ?" ಈ ಆಪರೇಷನ್‌ನಲ್ಲಿ ಸೊಂಟದ ಮೂಳೆಯ ಹಿಂಬದಿಯ ಕಂಬ ಕತ್ತರಿಸದೆ ಉಳಿಯುತ್ತದೆ, ಮಗು ಬರುವ ದಾರಿ ಕಿರಿದಾಗುವುದಿಲ್ಲ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ ಅನ್ನುತ್ತೇನೆ.