ಬೇಸ್ ಗಿಟಾರಿಗೆ ಹೊಸ ಕೀ, ಹೊಸ ಬ್ರಿಡ್ಜ್: ಕೊಳ್ಳುವ ಮೊದಲು ಅಳೆಯಿರಿ

ನನ್ನ ದುರಸ್ತಿ ಮೇಜಿಗೆ ಬರುವ ಬೇಸ್ ಗಿಟಾರುಗಳಲ್ಲಿ ತಾವಾಗಿ ಕೆಟ್ಟವುಗಳಿಗಿಂತ ಸುಧಾರಿಸಲು ಹೋಗಿ ಕೆಡಿಸಿಕೊಂಡವುಗಳೇ ಹೆಚ್ಚು. ಕಳೆದ ಮಳೆಗಾಲದಲ್ಲಿ ಕರಾವಳಿಯಿಂದ ಬಂದ ಒಂದು ವಾದ್ಯದ ಹೆಡ್‌ಸ್ಟಾಕ್‌ನಲ್ಲಿ, ಅಂದರೆ ತಂತಿ ಬಿಗಿಯುವ ಕೀಗಳು ಕೂರುವ ತಲೆಭಾಗದಲ್ಲಿ, ಹಳೆಯ ಸ್ಕ್ರೂ ರಂಧ್ರಗಳಿಗೆ ತಾಗಿಕೊಂಡೇ ಹೊಸ ರಂಧ್ರಗಳನ್ನು ಕೊರೆದಿದ್ದರಿಂದ ಎರಡೂ ಒಂದಾಗಿ, ನಾಲ್ಕು ಕೀಗಳಲ್ಲಿ ಮೂರು ಅಲುಗಾಡುತ್ತಿದ್ದವು. ನಾಲ್ಕನೆಯದರ ಸ್ಕ್ರೂ ತಲೆ ಮುರಿದು ಉಳಿದ ಭಾಗ ಮರದೊಳಗೇ ಉಳಿದಿತ್ತು. ಕೀಗಳು ಒಳ್ಳೆಯವೇ, ಬೆಲೆಯೂ ಕಡಿಮೆಯದಲ್ಲ. ಆದರೆ ಕೊಂಡವರು ಚಿತ್ರದಲ್ಲಿ ಕಂಡ ಆಕಾರವನ್ನು ಮೆಚ್ಚಿ ಕೊಂಡಿದ್ದರೇ ಹೊರತು ತಮ್ಮ ವಾದ್ಯದ ಮರದಲ್ಲಿ ಯಾವ ಅಳತೆಯ ರಂಧ್ರವಿದೆ ಎಂದು ನೋಡಿರಲಿಲ್ಲ.

ವೀಣೆಗೆ ಬಿರಡೆ ಮತ್ತು ಕುದುರೆ ಹೇಗೋ ಬೇಸ್ ಗಿಟಾರಿಗೆ ಟ್ಯೂನಿಂಗ್ ಕೀ ಮತ್ತು ಬ್ರಿಡ್ಜ್ ಹಾಗೆ. ವ್ಯತ್ಯಾಸವೆಂದರೆ, ವೀಣೆ ಮಾಡುವವರು ಬಿರಡೆಯನ್ನು ಆಯಾ ರಂಧ್ರಕ್ಕೆ ತಕ್ಕಂತೆ ಹೆರೆದು ಕೂರಿಸುತ್ತಾರೆ. ಬೇಸ್ ಗಿಟಾರಿನ ಲೋಹದ ಭಾಗಗಳು ಕಾರ್ಖಾನೆಯಿಂದ ಒಂದೇ ಅಳತೆಯಲ್ಲಿ ಬರುತ್ತವೆ, ಅವುಗಳನ್ನು ಹೆರೆಯಲು ಬರುವುದಿಲ್ಲ. ಲಿಯೋ ಫೆಂಡರ್ ಅವರ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸನ್ನೂ 1960ರಲ್ಲಿ ಜಾಝ್ ಬೇಸನ್ನೂ ಹೊರತಂದ ಮೇಲೆ ನಟ್‌ನಿಂದ (ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ಸಂದುಗಳಿರುವ ಪಟ್ಟಿ) ಬ್ರಿಡ್ಜ್‌ವರೆಗೆ 34 ಅಂಗುಲ, ಅಂದರೆ ಸುಮಾರು 864 ಮಿ.ಮೀ. ಇರುವ ಆ ಅಚ್ಚನ್ನೇ ಹೆಚ್ಚಿನ ತಯಾರಕರು ಅನುಸರಿಸಿದ್ದಾರೆ. ಹೊರನೋಟಕ್ಕೆ ಎಲ್ಲವೂ ಒಂದೇ. ಆದರೆ ಅಮೆರಿಕದ ಭಾಗಗಳನ್ನು ಅಂಗುಲದಲ್ಲಿ, ಏಷ್ಯಾದ ಭಾಗಗಳನ್ನು ಮಿಲಿಮೀಟರಿನಲ್ಲಿ ಅಳೆದು ಮಾಡಿರುತ್ತಾರೆ. ಎಡವುವುದು ಈ ಎರಡರ ನಡುವಿನ ಸಣ್ಣ ಅಂತರದಲ್ಲಿ. ಈ ಲೇಖನ ಅಂಥ ನಾಲ್ಕು ತಂತಿಯ ವಾದ್ಯವನ್ನು ಕುರಿತದ್ದು.

ಮೊದಲು: ಬದಲಿಸುವ ಅಗತ್ಯ ನಿಜವಾಗಿ ಇದೆಯೇ?

‘ಕೀ ಜಾರುತ್ತಿದೆ, ಶ್ರುತಿ ನಿಲ್ಲುತ್ತಿಲ್ಲ’ ಎಂಬುದು ಸಾಮಾನ್ಯ ದೂರು. ಕೀ ಒಳಗಿರುವ ಸುರುಳಿ ಹಲ್ಲಿನ ದಂಡವು ಚಕ್ರವನ್ನು ತಿರುಗಿಸಬಲ್ಲದು, ಚಕ್ರವು ದಂಡವನ್ನು ತಿರುಗಿಸಲಾರದು. ಹೀಗಾಗಿ ನಾಲ್ಕು ತಂತಿಗಳು ಸೇರಿ 70 ಕಿಲೋಗೂ ಮೀರಿದ ಬಲದಿಂದ ಎಳೆಯುತ್ತಿದ್ದರೂ ಸುಸ್ಥಿತಿಯಲ್ಲಿರುವ ಕೀ ತಾನಾಗಿ ಹಿಂದಕ್ಕೆ ಬರುವುದಿಲ್ಲ. ತಂತಿಯನ್ನು ಶ್ರುತಿಗೆ ತಂದು, ನಟ್‌ಗೂ ಕೀಗೂ ನಡುವಿನ ತುಂಡನ್ನು ಬೆರಳಿನಿಂದ ಬಲವಾಗಿ ಒತ್ತಿ ಬಿಡಿ. ಶ್ರುತಿ ಏರಿ ಅಲ್ಲಿಯೇ ನಿಂತರೆ ತಂತಿಯು ನಟ್‌ನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಸಂದಿಗೆ ಮೃದುವಾದ ಪೆನ್ಸಿಲ್ಲಿನ ಸೀಸ ಉಜ್ಜಿದರೆ ಅನೇಕ ವೇಳೆ ಕೆಲಸ ಅಲ್ಲಿಗೇ ಮುಗಿಯುತ್ತದೆ. ಚಕ್ರದ ನಡುವಿನ ಸಣ್ಣ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಿ. ತಂತಿ ಸುತ್ತಿಕೊಳ್ಳುವ ಕೀಯ ಕಂಬಕ್ಕೆ ಎರಡು ಮೂರು ಸುತ್ತು ಒಂದರ ಕೆಳಗೊಂದು ಇಳಿದಿರಬೇಕು. ಒಂದೇ ಸುತ್ತು ಇರುವ ಅಥವಾ ಸುತ್ತುಗಳು ಒಂದರ ಮೇಲೊಂದು ಏರಿರುವ ವಾದ್ಯಕ್ಕೆ ಎಷ್ಟು ದುಬಾರಿ ಕೀ ಹಾಕಿದರೂ ಶ್ರುತಿ ನಿಲ್ಲುವುದಿಲ್ಲ. ಹಲ್ಲು ಸವೆದು ಕೀ ತಿರುಗಿದರೂ ಕಂಬ ತಿರುಗದಿದ್ದರೆ, ದಂಡ ಬಾಗಿದ್ದರೆ ಅಥವಾ ತುಕ್ಕು ಒಳಗಿಳಿದಿದ್ದರೆ ಮಾತ್ರ ಬದಲಿಸಿ. ಇನ್ನೊಂದು ಒಳ್ಳೆಯ ಕಾರಣ ತೂಕ. ಅದನ್ನು ಮುಂದೆ ನೋಡೋಣ.

ಕೀ ಆಯ್ಕೆ

ಒಂದು ಕೀಯನ್ನು ಪೂರ್ತಿ ಬಿಚ್ಚಿ, ವರ್ನಿಯರ್ ಕ್ಯಾಲಿಪರ್ ಹಿಡಿದು ಕುಳಿತುಕೊಳ್ಳಿ. ಸ್ಕೇಲು, ಟೇಪು ಈ ಕೆಲಸಕ್ಕೆ ಸಾಲುವುದಿಲ್ಲ. ಅಳೆಯಬೇಕಾದದ್ದು ಮುಖ್ಯವಾಗಿ ಮರದ ರಂಧ್ರದ ವ್ಯಾಸ. ಫೆಂಡರಿನ ಹಳೆಯ ಕ್ರಮದ, ಹಲ್ಲು ಹೊರಗೆ ಕಾಣುವ ದೊಡ್ಡ ತೆರೆದ ಕೀಗಳಿಗೆ 17.5 ಮಿ.ಮೀ. ಆಸುಪಾಸಿನ ರಂಧ್ರವಿರುತ್ತದೆ, ಸಣ್ಣ ಮುಚ್ಚಿದ ಕೀಗಳಿಗೆ, ಅದರಲ್ಲೂ ಏಷ್ಯಾದಲ್ಲಿ ತಯಾರಾದ ವಾದ್ಯಗಳಲ್ಲಿ, 14 ಮಿ.ಮೀ. ಆಸುಪಾಸಿನದು. ರಂಧ್ರವನ್ನು ಹೆಡ್‌ಸ್ಟಾಕ್‌ನ ಮುಂದಿನಿಂದಲೂ ಹಿಂದಿನಿಂದಲೂ ಅಳೆಯಿರಿ, ಏಕೆಂದರೆ ಕೆಲವು ವಾದ್ಯಗಳಲ್ಲಿ ಎರಡೂ ಕಡೆ ಒಂದೇ ವ್ಯಾಸವಿರುವುದಿಲ್ಲ. ಬಣ್ಣ ತುಂಬಿಕೊಂಡು ರಂಧ್ರ ಕಿರಿದಾಗಿ ಕಾಣಬಹುದು. ಬಣ್ಣವನ್ನು ಬಿಟ್ಟು ಮರದ ಅಳತೆಯನ್ನು ಹಿಡಿಯಬೇಕು. ಆಮೇಲೆ ಮುಂಭಾಗದಲ್ಲಿ ಕಂಬದ ಸುತ್ತ ಕೂರುವ ಬಳೆ. ಅದು ಒತ್ತಿ ಕೂರಿಸಿದ್ದೇ ಅಥವಾ ಎಳೆಯಿದ್ದು ತಿರುಗಿಸಿ ಬಿಗಿ ಮಾಡುವಂಥದ್ದೇ ಎಂದು ನೋಡಿಕೊಳ್ಳಿ. ಎಳೆಯಿರುವ ಬಳೆಗೆ ಹೆಡ್‌ಸ್ಟಾಕ್‌ನ ದಪ್ಪವೂ ಹೊಂದಬೇಕು, ಇಲ್ಲವಾದರೆ ಎಳೆ ಹಿಡಿಯುವ ಮೊದಲೇ ಮುಗಿದುಹೋಗುತ್ತದೆ. ಕೊನೆಯಲ್ಲಿ ಅಕ್ಕಪಕ್ಕದ ರಂಧ್ರಗಳ ನಡುಬಿಂದುಗಳ ಅಂತರವನ್ನು ಬರೆದಿಟ್ಟುಕೊಳ್ಳಿ. ಸಣ್ಣ ಕೀಗಳ ಜಾಗದಲ್ಲಿ ದೊಡ್ಡ ತಟ್ಟೆಯ ಕೀಗಳನ್ನು ಹಾಕಲು ಹೋದವರಿಗೆ ತಟ್ಟೆಗಳು ಒಂದಕ್ಕೊಂದು ಬಡಿಯುತ್ತವೆ ಎಂಬುದು ಪೆಟ್ಟಿಗೆ ಒಡೆದ ಮೇಲೆ ತಿಳಿಯುತ್ತದೆ.

ರಂಧ್ರ ಚಿಕ್ಕದಿದ್ದರೆ ಅದನ್ನು ಕೈ ಡ್ರಿಲ್ಲಿನಿಂದ ದೊಡ್ಡದು ಮಾಡುವ ಆಲೋಚನೆಯನ್ನು ಈಗಲೇ ಬಿಡಿ. ಈಗಾಗಲೇ ಇರುವ ರಂಧ್ರದಲ್ಲಿ ಡ್ರಿಲ್ ಬಿಟ್ಟಿಗೆ ನಡುವಿನ ಹಿಡಿತವೇ ಇರುವುದಿಲ್ಲವಾದ್ದರಿಂದ ಅದು ಒಂದು ಪಕ್ಕಕ್ಕೆ ಓಡಿ, ಹೊರಬರುವ ಕಡೆ ಮರದ ಚಕ್ಕೆಯನ್ನು ಎಬ್ಬಿಸುತ್ತದೆ. ರಂಧ್ರಕ್ಕೆ ಹೊಂದುವ ಸಣ್ಣ ಕೀಯನ್ನೇ ಕೊಳ್ಳಿ. ಇದಕ್ಕೆ ವಿರುದ್ಧವಾಗಿ ರಂಧ್ರ ದೊಡ್ಡದಾಗಿದ್ದು ಸಣ್ಣ ಕೀ ಬೇಕಾಗಿದ್ದರೆ ಅಂತರ ತುಂಬುವ ಲೋಹದ ಬಳೆಗಳು ಸಿಗುತ್ತವೆ; ಅದು ಮರಕ್ಕೆ ಹಾನಿಯಿಲ್ಲದ ದಾರಿ. ಕಾಗದ ಸುತ್ತಿಯೋ ಟೇಪು ಸುತ್ತಿಯೋ ಬಿಗಿ ಮಾಡುವುದು ಎರಡು ವಾರದ ಉಪಾಯ ಮಾತ್ರ.

ದಿಕ್ಕನ್ನೂ ಮರೆಯಬಾರದು. ಫೆಂಡರ್ ಅಚ್ಚಿನಲ್ಲಿ ನಾಲ್ಕೂ ಕೀಗಳು ಒಂದೇ ಪಕ್ಕದಲ್ಲಿವೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಲ್ಲಿ ಮೂರು ಮತ್ತು ಒಂದು. ಗಿಬ್ಸನ್ನಿನ ಹಲವು ಮಾದರಿಗಳಲ್ಲಿ ಎರಡು ಮತ್ತು ಎರಡು. ಒಂದೇ ಪಕ್ಕದ ವಾದ್ಯಕ್ಕೆ ಎರಡು ಮತ್ತು ಎರಡರ ಜೊತೆಯನ್ನು ತರಿಸಿದರೆ ಎರಡು ಕೀಗಳು ಜೀವಮಾನವಿಡೀ ತಿರುಗುಮುರುಗಾಗಿ ತಿರುಗುತ್ತವೆ.

ಈಗ ತೂಕದ ವಿಷಯ. ಕುತ್ತಿಗೆಗೆ ಹಾಕಿಕೊಂಡು ಕೈ ಬಿಟ್ಟರೆ ತಲೆ ನೆಲ ನೋಡುವ ವಾದ್ಯಗಳಿವೆ. ಗಿಬ್ಸನ್ ಥಂಡರ್‌ಬರ್ಡ್ ಇದಕ್ಕೆ ಹೆಸರಾಗಿದೆ. ದೊಡ್ಡ ತೆರೆದ ಕೀ ಒಂದೊಂದು 100 ಗ್ರಾಂ ಆಸುಪಾಸು ತೂಗುತ್ತದೆ, ಹಗುರ ಕೀ 60 ಗ್ರಾಂ ಆಸುಪಾಸು. ನಾಲ್ಕಕ್ಕೆ 160 ಗ್ರಾಂ ಉಳಿತಾಯ. ಅಲ್ಪವೆನಿಸಬಹುದು. ಆದರೆ ಜಾಝ್ ಬೇಸಿನಲ್ಲಿ ಭುಜದ ಪಟ್ಟಿ ಸಿಕ್ಕಿಸುವ ಮೇಲ್ಭಾಗದ ಗುಂಡಿ ಸರಿಸುಮಾರು 12ನೇ ಫ್ರೆಟ್ಟಿನ (ಮೆಟ್ಟಿನ) ನೇರಕ್ಕಿದ್ದು, ಅಲ್ಲಿಂದ ಕೀಗಳು ಅರ್ಧ ಮೀಟರಿಗೂ ದೂರದಲ್ಲಿವೆ, ಬ್ರಿಡ್ಜ್ 43 ಸೆಂ.ಮೀ. ದೂರದಲ್ಲಿದೆ. ಸನ್ನೆಗೋಲಿನ ಲೆಕ್ಕದಲ್ಲಿ ತಲೆಯಲ್ಲಿ ಇಳಿಸಿದ 160 ಗ್ರಾಂ, ಬ್ರಿಡ್ಜ್ ಕಡೆ ಸುಮಾರು 200 ಗ್ರಾಂ ಹೆಚ್ಚಿಸಿದ್ದಕ್ಕೆ ಸಮ. ಮೊದಲನೆಯದರಲ್ಲಿ ಭುಜದ ಹೊರೆ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ. ತಲೆ ಬೀಳುವ ವಾದ್ಯಕ್ಕೆ ಹಗುರ ಕೀಗಳಷ್ಟು ಒಳ್ಳೆಯ ಖರ್ಚು ಬೇರೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಜಪಾನಿನ ಗೊಟೊ, ಜರ್ಮನಿಯ ಶಾಲರ್, ಅಮೆರಿಕದ ಹಿಪ್‌ಶಾಟ್ ಈ ಮೂರರಲ್ಲಿ ರಂಧ್ರಕ್ಕೆ ಹೊಂದುವ ಯಾವುದನ್ನಾದರೂ ಕಣ್ಣುಮುಚ್ಚಿ ಕೊಳ್ಳಬಹುದು. ಹೆಸರಿಲ್ಲದ ಅಗ್ಗದ ಜೊತೆಗಳಲ್ಲಿ ಚಕ್ರದ ಹಲ್ಲು ಬೇಗ ಸವೆಯುತ್ತದೆ. ಬೆವರು ಹೆಚ್ಚಿರುವವರಿಗೂ ಕಡಲತಡಿಯವರಿಗೂ ಚಿನ್ನದ ಲೇಪ ಬೇಡವೇ ಬೇಡ. ಅದು ಬೇಗ ಸವೆದು ಕಲೆಗಟ್ಟುತ್ತದೆ.

ಹಲ್ಲಿನ ಅನುಪಾತ 20ಕ್ಕೆ 1 ಇದ್ದರೆ, ಅಂದರೆ ಕೀ 20 ಸುತ್ತು ತಿರುಗಿದಾಗ ಕಂಬ ಒಂದು ಸುತ್ತು ತಿರುಗಿದರೆ, ಸಾಕು. ತಂತಿಯನ್ನು ಕಚ್ಚಿ ಹಿಡಿಯುವ ಲಾಕಿಂಗ್ ಕೀಗಳು ಬೇಸಿನ ದಪ್ಪ ತಂತಿಗೆ ಅನಾವಶ್ಯಕ. ಆದರೆ ಹಾಡಿನ ನಡುವೆ ಎಲ್ಲಕ್ಕಿಂತ ದಪ್ಪದ ಇ ತಂತಿಯನ್ನು ಡಿ ಸ್ವರಕ್ಕೆ ಇಳಿಸುವ ಅಗತ್ಯ ಮತ್ತೆ ಮತ್ತೆ ಬೀಳುವವರು ಹಿಪ್‌ಶಾಟಿನ ಎಕ್ಸ್‌ಟೆಂಡರ್ ಕೀಗೆ ಹಣ ಕೊಡುವುದು ಸರಿ. ಅದರ ಸನ್ನೆಗೋಲನ್ನು ಒಮ್ಮೆ ಎಳೆದರೆ ಸಾಕು.

ಬ್ರಿಡ್ಜ್ ಆಯ್ಕೆ

ಮಡಿಚಿದ ತೆಳು ಉಕ್ಕಿನ ಹಳೆಯ ಬ್ರಿಡ್ಜನ್ನು ತೆಗೆದು ಭಾರದ್ದನ್ನು ಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಖರ್ಚು ಮಾಡಬೇಡಿ. ಭಾರದ ಬ್ರಿಡ್ಜ್ ಹಾಕಿದ ಮೇಲೆ ಕೇಳುವ ವ್ಯತ್ಯಾಸದಲ್ಲಿ ಬಹುಪಾಲು ಅದರೊಡನೆ ಹಾಕಿದ ಹೊಸ ತಂತಿಗಳದ್ದು. ನಿಜವಾದ ಲಾಭ ಬೇರೆಯಿದೆ: ಬಲವಾಗಿ ನುಡಿಸಿದಾಗ ಸ್ಯಾಡಲ್ (ಬ್ರಿಡ್ಜಿನಲ್ಲಿ ಒಂದೊಂದು ತಂತಿಯೂ ಕೂರುವ ಬಿಡಿ ತುಂಡು) ಪಕ್ಕಕ್ಕೆ ಸರಿಯುವುದಿಲ್ಲ, ಎತ್ತರದ ಸ್ಕ್ರೂಗಳು ಗಲಗಲ ಎನ್ನುವುದಿಲ್ಲ. ನಿಮ್ಮ ಹಳೆಯದರಲ್ಲಿ ಈ ತೊಂದರೆಗಳು ಇಲ್ಲವಾದರೆ ಅದನ್ನೇ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಇಟ್ಟುಕೊಳ್ಳಿ.

ಬದಲಿಸಲೇಬೇಕಾದರೆ ಮೊದಲು ಸ್ಕ್ರೂ ರಂಧ್ರಗಳ ವಿನ್ಯಾಸವನ್ನು ನೋಡಿ. ಫೆಂಡರಿನ ಹಳೆಯ ಕ್ರಮದಲ್ಲಿ ಒಂದೇ ಸಾಲಿನಲ್ಲಿ ಐದು ಸ್ಕ್ರೂಗಳಿವೆ. ಗೊಟೊ 201ರಂಥ ಬ್ರಿಡ್ಜುಗಳು ಅದೇ ರಂಧ್ರಗಳಿಗೆ ಕೂರುತ್ತವೆ. ಹೊಸ ರಂಧ್ರ ಕೊರೆಯದೆ ಆಗುವುದಾದರೆ ಅದೇ ಮೇಲು. ಎರಡನೆಯದು ತಂತಿಗಳ ಅಂತರ: ಫೆಂಡರ್ ಕ್ರಮದಲ್ಲಿ ತಂತಿಯಿಂದ ತಂತಿಗೆ 19 ಮಿ.ಮೀ., ಅಂದರೆ ಇ ತಂತಿಯಿಂದ ಎಲ್ಲಕ್ಕಿಂತ ತೆಳುವಾದ ಜಿ ತಂತಿಗೆ 57 ಮಿ.ಮೀ. ಒಂದೊಂದು ಅಂತರವನ್ನು ಅಳೆದು ಕೂಡಿದರೆ ತಪ್ಪುಗಳೂ ಕೂಡುತ್ತವೆ; ಇಯ ನಡುವಿನಿಂದ ಜಿಯ ನಡುವಿನವರೆಗೆ ಒಮ್ಮೆಗೇ ಅಳೆದು ಮೂರರಿಂದ ಭಾಗಿಸಿ.

ಮೂರನೆಯದು ಎತ್ತರ, ಎಲ್ಲರೂ ಮರೆಯುವುದು ಇದನ್ನೇ. ಹಳೆಯ ಬ್ರಿಡ್ಜಿನ ತಟ್ಟೆ ತೆಳ್ಳಗಿರುತ್ತದೆ, ಭಾರದ್ದರ ತಳ ದಪ್ಪ. ಈಗ ನಿಮ್ಮ ಸ್ಯಾಡಲ್‌ಗಳು ಹೇಗೆ ನಿಂತಿವೆ ಎಂದು ಬಗ್ಗಿ ನೋಡಿ. ಎತ್ತರದ ಸ್ಕ್ರೂಗಳ ಕೆಳಗೆ ಹಲವು ಎಳೆಗಳು ಕಾಣುತ್ತಿದ್ದರೆ ಇಳಿಸಲು ಜಾಗವಿದೆ. ಸ್ಯಾಡಲ್‌ಗಳು ಆಗಲೇ ತಟ್ಟೆಗೆ ತಾಗಿ ಕುಳಿತಿದ್ದರೆ ದಪ್ಪ ತಳದ ಬ್ರಿಡ್ಜ್ ಹಾಕಿದ ದಿನವೇ ತಂತಿಗಳು ಮೇಲೇರಿ ನುಡಿಸಲಾಗದಂತಾಗುತ್ತವೆ. ಆಮೇಲೆ ನೆಕ್ (ವಾದ್ಯದ ಕುತ್ತಿಗೆ) ಬಿಚ್ಚಿ ಅದರ ಬುಡಕ್ಕೆ ತೆಳು ಮರದ ಹೋಳು ಕೊಟ್ಟು ಕೋನ ಬದಲಿಸಬೇಕಾಗುತ್ತದೆ. ಮಾರುವವರ ಪಟ್ಟಿಯಲ್ಲಿ ‘ಸ್ಯಾಡಲ್‌ನ ಕನಿಷ್ಠ ಎತ್ತರ’ ಎಂಬ ಸಂಖ್ಯೆ ಇದ್ದರೆ ಅದನ್ನು ಹಳೆಯದರ ಈಗಿನ ಎತ್ತರದೊಡನೆ ಹೋಲಿಸಿ. ಇಲ್ಲದಿದ್ದರೆ ಕೇಳಿ ತಿಳಿಯದೆ ಕೊಳ್ಳಬೇಡಿ. ಹೆಸರುವಾಸಿಯಾದ ಲಿಯೋ ಕ್ವಾನ್ ಬ್ಯಾಡಾಸ್ II ಎಂಬ ಬ್ರಿಡ್ಜಿನಲ್ಲಿ ಸ್ಯಾಡಲ್‌ಗಳಿಗೆ ಸಂದೇ ಇರದೆ, ಅರದಿಂದ ಉಜ್ಜಿ ಮಾಡಿಕೊಳ್ಳಬೇಕಿತ್ತು. ಬಳಸಿದ್ದನ್ನು ಕೊಳ್ಳುವವರು ಹಿಂದಿನವರು ಮಾಡಿದ ಸಂದುಗಳು ನಡುವಿನಲ್ಲಿವೆಯೇ ಎಂದು ನೋಡಿಕೊಳ್ಳಬೇಕು.

ಕೂರಿಸುವುದು

ಕೀಗಳನ್ನು ಹಾಕುವಾಗ ಮೊದಲು ಬಳೆಯನ್ನು ಕೈಯಿಂದ ಬಿಗಿ ಮಾಡಿ, ನಾಲ್ಕನ್ನೂ ಉದ್ದ ಸ್ಕೇಲಿನಿಂದ ಒಂದೇ ನೇರಕ್ಕೆ ತಂದು, ಆಮೇಲೆ ಸ್ಕ್ರೂ ಜಾಗವನ್ನು ಗುರುತಿಸಿ. ಹಳೆಯ ರಂಧ್ರ ಹತ್ತಿರವಿದ್ದರೆ ಬಿದಿರಿನ ಕಡ್ಡಿಯನ್ನು ಮರಗೋಂದಿನಲ್ಲಿ ಅದ್ದಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಮಟ್ಟಕ್ಕೆ ಕತ್ತರಿಸಿ. ನೆಕ್ ಮೇಪಲ್ ಮರದ್ದಾಗಿದ್ದರೆ ಬಹಳ ಗಟ್ಟಿ. ರಂಧ್ರವಿಲ್ಲದೆ ನೇರವಾಗಿ ತಿರುಗಿಸಿದ ಸ್ಕ್ರೂ ಮುರಿಯದೆ ಇರುವುದೇ ಅಪರೂಪ. ಡ್ರಿಲ್ ಬಿಟ್, ಸ್ಕ್ರೂವಿನ ಎಳೆಗಳನ್ನು ಹೊರತುಪಡಿಸಿ ನಡುವಿನ ದಿಂಡಿನಷ್ಟು ದಪ್ಪವಿರಬೇಕು, ಬಿಟ್ಟಿಗೆ ಟೇಪು ಸುತ್ತಿ ಆಳದ ಗುರುತು ಮಾಡಬೇಕು, ಸ್ಕ್ರೂಗೆ ಮೇಣದಬತ್ತಿ ಉಜ್ಜಬೇಕು. ಸೋಪು ಉಜ್ಜುವವರಿದ್ದಾರೆ, ಅದು ತೇವ ಹಿಡಿದು ತುಕ್ಕು ತರುತ್ತದೆ. ಬ್ಯಾಟರಿ ಸ್ಕ್ರೂಡ್ರೈವರನ್ನು ಈ ಕೆಲಸದಿಂದ ದೂರವಿಡಿ.

ಬ್ರಿಡ್ಜಿಗೆ ಹೊಸ ರಂಧ್ರ ಕೊರೆಯಬೇಕಾಗಿ ಬಂದರೆ ಅವಸರ ಬೇಡ. ನಟ್‌ನಿಂದ 12ನೇ ಫ್ರೆಟ್ಟಿಗೆ ಅಳೆದು ಇಮ್ಮಡಿ ಮಾಡಿ. ಜಿ ಸ್ಯಾಡಲನ್ನು ಮುಂದಿನ ಕೊನೆಯ ಹತ್ತಿರಕ್ಕೆ ತಂದು ಅದರ ನೆತ್ತಿ ಆ ಅಳತೆಗೆ ಬರುವಂತೆ ಬ್ರಿಡ್ಜನ್ನು ಟೇಪಿನಿಂದ ಅಂಟಿಸಿ, ಏಕೆಂದರೆ ಮುಂದೆ ಹೊಂದಿಸುವಾಗ ಸ್ಯಾಡಲ್‌ಗಳು ಹಿಂದಕ್ಕೇ ಹೋಗುತ್ತವೆ, ದಪ್ಪ ಇ ತಂತಿಯದು ಎಲ್ಲಕ್ಕಿಂತ ಹಿಂದೆ. ಆಮೇಲೆ ಇ ಮತ್ತು ಜಿ ತಂತಿಗಳ ಜಾಗದಲ್ಲಿ ದಾರ ಎಳೆದು ಕಟ್ಟಿ, ಕೊನೆಯ ಫ್ರೆಟ್ಟಿನಲ್ಲಿ ಎರಡೂ ಅಂಚಿನಿಂದ ದಾರಕ್ಕಿರುವ ದೂರ ಸಮವಾಗುವವರೆಗೆ ಬ್ರಿಡ್ಜನ್ನು ಸರಿಸಿ. ಆಗ ಮಾತ್ರ ಗುರುತು ಹಾಕಿ.

ಕೊರೆಯುವ ಮುನ್ನ ಬ್ರಿಡ್ಜಿನ ಕೆಳಗಿರುವ ಅರ್ತ್ ವೈರನ್ನು ಹುಡುಕಿ. ಅದರ ಬೆತ್ತಲೆ ತುದಿ ತಟ್ಟೆಯ ಲೋಹಕ್ಕೆ ತಾಗಿರಬೇಕು. ಕಪ್ಪು ಬಣ್ಣ ಬಳಿದ ಬ್ರಿಡ್ಜಾದರೆ ಆ ಜಾಗದಲ್ಲಿ ಮಾತ್ರ ತಳದ ಬಣ್ಣವನ್ನು ಕೆರೆಯಿರಿ. ತಂತಿ ಮುಟ್ಟಿದಾಗ ಗುಂಯ್‌ಗುಡುವಿಕೆ ನಿಂತು, ಕೈ ತೆಗೆದಾಗ ಮರಳಿದರೆ ಗಾಬರಿಯಾಗಬೇಕಿಲ್ಲ. ಮುಟ್ಟಿದರೂ ನಿಲ್ಲದಿದ್ದರೆ ವೈರ್ ತಾಗುತ್ತಿಲ್ಲ.

ಎತ್ತರ ಹೊಂದಿಸುವಾಗ ಅಲನ್ ಕೀ (ಸ್ಕ್ರೂ ತಿರುಗಿಸುವ ಆರು ಮೂಲೆಯ ಕಡ್ಡಿ) ಅಳತೆ ಗಮನಿಸಿ. ಅಮೆರಿಕದ ಫೆಂಡರಿನ ಸ್ಯಾಡಲ್‌ಗೆ ಅಂಗುಲದ ಅಳತೆಯದು, ಏಷ್ಯಾದವಕ್ಕೆ ಹೆಚ್ಚಾಗಿ 1.5 ಮಿ.ಮೀ.; ಸಡಿಲವಾದದ್ದನ್ನು ಒತ್ತಿ ತಿರುಗಿಸಿದರೆ ಸ್ಕ್ರೂವಿನ ಮೂಲೆ ಸವೆದು ಮತ್ತೆಂದೂ ತಿರುಗದು. ಉಳಿದದ್ದು ಸುಲಭ: 12ನೇ ಫ್ರೆಟ್ಟಿನ ಹಾರ್ಮೋನಿಕ್ ಸ್ವರವನ್ನೂ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮಾತ್ರ ನುಡಿಸಿದ್ದು) ಅಲ್ಲಿ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ, ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ತನ್ನಿ.

ಒಂದು ವಾರ ನುಡಿಸಿದ ಮೇಲೆ ಕೀಗಳ ಬಳೆಗಳನ್ನು ಇನ್ನೊಮ್ಮೆ ಮೆದುವಾಗಿ ಬಿಗಿ ಮಾಡಿ. ಬಿಚ್ಚಿದ ಹಳೆಯ ಕೀ, ಬ್ರಿಡ್ಜ್ ಮತ್ತು ಅವುಗಳ ಒಂದೊಂದು ಸ್ಕ್ರೂವನ್ನೂ ಒಂದೇ ಚೀಲದಲ್ಲಿ ಹಾಕಿ, ಮೇಲೆ ವಾದ್ಯದ ಹೆಸರನ್ನೂ ತೆಗೆದುಕೊಂಡ ಅಳತೆಗಳನ್ನೂ ಬರೆದಿಡಿ. ವಾದ್ಯ ಮಾರುವ ದಿನ ಬಂದರೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.