ಮಿದುಳು ಜ್ವರದ ಸೂಜಿ ಹಿಡಿದು ಸುರಪುರದ ಹಳ್ಳಿಗಳಲ್ಲಿ

2022ರ ಡಿಸೆಂಬರ್‌ನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ ಜೆಇ, ಅಂದರೆ ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳು ಜ್ವರದ ಲಸಿಕೆ ಅಭಿಯಾನ ಶುರುವಾಯಿತು. ಯಾದಗಿರಿ, ಕಲಬುರಗಿ ಎರಡೂ ಪಟ್ಟಿಯಲ್ಲಿದ್ದವು. 1ರಿಂದ 15 ವರ್ಷದ ಮಕ್ಕಳಿಗೆಲ್ಲ ಒಂದೊಂದು ಡೋಸ್. ಸುರಪುರ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಸಿಸ್ಟರ್ ಆಗಿರುವ ನನಗೆ ಸೂಜಿ ಹಾಕೋದು ಹೊಸದಲ್ಲ. ಜನ ಕಣ್ಣಲ್ಲೇ ಕಾಣದ ಕಾಯಿಲೆಗೆ ಅವರನ್ನು ಒಪ್ಪಿಸೋದಿದೆಯಲ್ಲ, ಅದೇ ಕಷ್ಟ.

"ನಮ್ಮೂರಾಗ ಈ ಬ್ಯಾನಿ ಯಾರಿಗೂ ಬಂದಿಲ್ರಿ ಅಕ್ಕಾರ, ಸುಮ್ನ ಯಾಕ ಚುಚ್ಚತೀರಿ?"

ಕೊರೊನಾ ಸೂಜಿಯ ಗಲಾಟೆ ಆಗಷ್ಟೇ ತಣ್ಣಗಾಗಿತ್ತು. ಕರಪತ್ರ ಓದಿದರೆ ಯಾರೂ ಕೇಳೋದಿಲ್ಲ. ಹಾಗಾಗಿ ನಾನು ಊರನ್ನೇ ತೋರಿಸಿ ಮಾತಾಡುತ್ತಿದ್ದೆ. ನಾರಾಯಣಪುರ ಕಾಲುವೆ ನೀರು ಬಂದ ಮೇಲೆ ಈ ಕಡೆ ಭತ್ತ ಜಾಸ್ತಿ. ಈ ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡೋದು ಗದ್ದೆಯ ನಿಂತ ನೀರಲ್ಲಿ. ವೈರಸ್ ಬೆಳೆಯೋದು ಬೆಳ್ಳಕ್ಕಿಯಂಥ ಹಕ್ಕಿಗಳಲ್ಲಿ, ಹಂದಿಗಳಲ್ಲಿ. ಮೂರೂ ನಮ್ಮಲ್ಲಿವೆ ಅಲ್ವಾ?

"ಬಂದ ಮ್ಯಾಲ ಔಷಧ ಕೊಟ್ರ ಆಗಂಗಿಲ್ಲೇನ್ರಿ?" ಒಬ್ಬ ಅಜ್ಜ ಕೇಳಿದ. ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಈ ವೈರಸ್ಸನ್ನು ಕೊಲ್ಲುವ ಔಷಧ ಇನ್ನೂ ಇಲ್ಲ. ಆಸ್ಪತ್ರೆಯವರು ಫಿಟ್ಸ್ ತಡೆಯಬಹುದು, ಮಿದುಳಿನ ಬಾವು ಇಳಿಸಲು ನೋಡಬಹುದು, ಉಸಿರಾಟಕ್ಕೆ ಆಸರೆ ಕೊಡಬಹುದು, ಅಷ್ಟೆ. ಸೋಂಕು ತಗುಲಿದ ಹೆಚ್ಚಿನವರಿಗೆ ಏನೂ ಆಗೋದಿಲ್ಲ, ನಿಜ. ಆದರೆ ಮಿದುಳಿಗೆ ಏರಿತೋ, ನೂರಕ್ಕೆ 20-30 ಮಂದಿ ಬದುಕೋದಿಲ್ಲ. ಬದುಕಿದವರಲ್ಲೂ ಎಷ್ಟೋ ಮಂದಿಗೆ ಮಾತು, ಕೈಕಾಲು ಮೊದಲಿನಂತಾಗೋದಿಲ್ಲ. ಸಾವಿನ ಮಾತಿಗಿಂತ ಈ ಮಾತೇ ತಾಯಂದಿರಿಗೆ ತಾಗುತ್ತಿತ್ತು.

ಲಸಿಕೆ ಎಲ್ಲಿಯದು ಅಂತ ಮೇಷ್ಟ್ರೊಬ್ಬರಿಗೆ ಅನುಮಾನ. ವೈರಸ್ ನಮ್ಮ ಕೋಲಾರದ್ದೇ ಸರ್ ಅಂದೆ. 1980ರ ದಶಕದ ಶುರುವಿನಲ್ಲಿ ಅಲ್ಲಿನ ರೋಗಿಯಿಂದ ಸಿಕ್ಕ ವೈರಸ್ಸನ್ನು ಪುಣೆಯ ವೈರಾಣು ಸಂಸ್ಥೆ ಕಾಪಾಡಿಟ್ಟಿತ್ತು. ಅದರಿಂದಲೇ ಹೈದರಾಬಾದಿನ ಭಾರತ್ ಬಯೋಟೆಕ್ ಜೆನ್‌ವ್ಯಾಕ್ ಎಂಬ ಈ ಲಸಿಕೆ ಮಾಡಿತು. 2013ರಲ್ಲಿ ಬಳಕೆಗೆ ಬಂತು. ಇದರಲ್ಲಿರೋದು ಸತ್ತ ವೈರಸ್, ರೋಗ ತರೋದಿಲ್ಲ. ಆಮೇಲೆ ಪಾಲಕರಿಗೆ ಇದನ್ನೆಲ್ಲ ಆ ಮೇಷ್ಟ್ರೇ ನನಗಿಂತ ಚೆನ್ನಾಗಿ ಹೇಳತೊಡಗಿದರು!

ಲಸಿಕೆಗೆ 2ರಿಂದ 8 ಡಿಗ್ರಿ ತಂಪು ಬೇಕು. ಬಿಸಿಲಿನ ಭಯ ಎಲ್ಲರಿಗೂ ಇರುತ್ತದೆ. ಆದರೆ ಹೆಪ್ಪುಗಟ್ಟಿದರೂ ಲಸಿಕೆ ಕೆಟ್ಟಿತು ಅಂತಲೇ ಲೆಕ್ಕ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹೊರಗಿಟ್ಟು, ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಹಾಕುತ್ತಿದ್ದೆ.

ಶಾಲೆಯಲ್ಲಿ ಬಿಸಿಯೂಟ ಆದ ಮೇಲೆಯೇ ಸೂಜಿ. ಖಾಲಿ ಹೊಟ್ಟೆಯಲ್ಲಿ ದೊಡ್ಡ ಹುಡುಗಿಯರು ಹೆದರಿ ತಲೆ ತಿರುಗಿ ಬೀಳುತ್ತಾರೆ. ಒಬ್ಬಳು ಬಿದ್ದರೆ ಇಡೀ ಸಾಲು ಕರಗುತ್ತದೆ. ಸೂಜಿ ಆದ ಮೇಲೆ ಅರ್ಧ ಗಂಟೆ ಕೂರಿಸುತ್ತಿದ್ದೆವು.

ತಪ್ಪಿಹೋಗುತ್ತಿದ್ದವರು ಹತ್ತಿ ಬಿಡಿಸಲು ಹೋದ ಮಕ್ಕಳು. ಆಶಾ ಅಕ್ಕಂದಿರು ಹೆಸರು ಬರೆದಿಟ್ಟರು. ಸಂಜೆ ತಾಂಡಾಗಳಿಗೆ ಹೋಗಿ ಹಾಕಿದೆವು. ಬೆಂಗಳೂರು, ಪುಣೆಗೆ ದುಡಿಯಲು ಹೋದ ಮನೆಗಳವರನ್ನು ಜಾತ್ರೆಗೆ ಬಂದಾಗ ಹಿಡಿಯಬೇಕಾಯಿತು. ಈಗ 9 ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಡೋಸ್ ದಡಾರದ ಸೂಜಿ ಜೊತೆಗೇ ಸಿಗುತ್ತದೆ. ಎರಡನೆಯದಕ್ಕೆ ಬರೋರು ಕಡಿಮೆ, ಅದಕ್ಕೇ ತಾಯಿ ಕಾರ್ಡ್ ಕೈಗೆ ಬಂದರೆ ನಾನು ಮೊದಲು ನೋಡೋದು ಆ ಸಾಲನ್ನೇ.