ಮಳೆಯಲ್ಲಿ ಸೈಕಲ್ ರೇಸ್ ನೋಡಲು ಹೊರಟವರಿಗೆ

ಬ್ರಿಟನ್ನಿನ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನೋಡಲು ಹೋಗುವ ನಮ್ಮವರಿಗೆ ನನ್ನ ಸಲಹೆಯೆಂದರೆ, ಮಳೆಯ ಮುನ್ಸೂಚನೆ ಇದ್ದ ದಿನ ಇಳಿಜಾರಿನ ತಿರುವುಗಳನ್ನು ಬಿಟ್ಟು ಏರುದಾರಿಯಲ್ಲೇ ಜಾಗ ಹಿಡಿಯಿರಿ. 2015ರಲ್ಲೂ 2021ರಲ್ಲೂ ಈ ಸ್ಪರ್ಧೆ ನಡೆದ ಲಿಂಕನ್ ನಗರದ ಮೈಕೆಲ್‌ಗೇಟ್‌ನಂತಹ ಕಲ್ಲುಹಾಸಿನ ಏರಿನಲ್ಲಿ ಸವಾರರ ವೇಗ ತಗ್ಗುತ್ತದೆ. ಒದ್ದೆ ಕಲ್ಲಿನ ಮೇಲೆ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಜಾರುವುದರಿಂದ, ಅವರು ಸೀಟಿನಲ್ಲೇ ಕುಳಿತು, ಭಾರವನ್ನು ಹಿಂದಕ್ಕೆ ಹಾಕಿ, ಒಂದೊಂದೇ ತುಳಿತವನ್ನು ಅಳೆದು ಹತ್ತುವುದನ್ನು ಬಹಳ ಹತ್ತಿರದಿಂದ ಕಾಣಬಹುದು. ಇಷ್ಟು ಸೊಗಸಾದ ನೋಟ ಬಿಸಿಲಿನ ದಿನ ಸಿಗದು.

ದಯವಿಟ್ಟು ಕೊಡೆ ತರಬೇಡಿ. ಗಾಳಿಗೆ ಮಗುಚಿದ ಕೊಡೆಯೊಂದು ಹ್ಯಾಂಡಲ್‌ಗೆ ತಾಗಿದರೆ ಹಲವರು ಒಟ್ಟಿಗೆ ಉರುಳಬಹುದು. ಟೋಪಿಯಿರುವ ಮಳೆಯಂಗಿ, ಒಂದು ಜೊತೆ ಒಣ ಕಾಲುಚೀಲ ಸಾಕು.

ಸವಾರರೂ ಮಳೆಯಂಗಿ ತೊಡುವುದರಿಂದ ಬೆನ್ನಿನ ಸಂಖ್ಯೆ ಕಾಣದೆ ಹೋಗಬಹುದು; ಹೆಲ್ಮೆಟ್ಟಿನ ಬಣ್ಣವನ್ನೂ ಸೈಕಲ್ಲಿಗೆ ಕಟ್ಟಿದ ಪುಟ್ಟ ಸಂಖ್ಯಾಫಲಕವನ್ನೂ ನೋಡಿ ಗುರುತಿಸಿ.

ಹೊರಡುವ ಮುನ್ನ ಮಾರ್ಗವನ್ನು ಮತ್ತೊಮ್ಮೆ ಪರಿಶೀಲಿಸಿ. 2019ರಲ್ಲಿ ಯಾರ್ಕ್‌ಷೈರ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರಿ ಮಳೆಯ ಕಾರಣ ಪುರುಷರ ರೇಸಿನಿಂದ ಬಟರ್‌ಟಬ್ಸ್ ಮತ್ತು ಗ್ರಿಂಟನ್ ಮೂರ್ ಏರುಗಳನ್ನೇ ಕೈಬಿಟ್ಟು, ಹ್ಯಾರೊಗೇಟ್‌ನಲ್ಲಿ ಸುತ್ತುಗಳನ್ನು ಹೆಚ್ಚಿಸಲಾಯಿತು. ಕೆಟ್ಟ ಹವೆಯಲ್ಲಿ ಪ್ರಸಾರದ ವಿಮಾನಗಳು ಹಾರಲಾಗದೆ ನೇರ ದೃಶ್ಯವೂ ನಿಲ್ಲುವುದುಂಟು. ಆದ್ದರಿಂದ ಫೋನನ್ನೇ ನಂಬದೆ, ಸವಾರರ ಪಟ್ಟಿಯನ್ನು ಮುದ್ರಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಟ್ಟುಕೊಳ್ಳಿ.